ಚಿಪ್ಪೆಂಡೇಲ್ ಕುರ್ಚಿಯ ಮೇಲೆ ಅವನ ಹೆಸರು ಯಾಕಿಲ್ಲ?

ಲೀಡ್ಸ್‌ನ ಅಂಗಡಿಯೊಂದರಲ್ಲಿ ಕೆತ್ತನೆಯ ಮಹಾಗನಿ ಮರದ ಕುರ್ಚಿಗಳಿವೆ, ಚೀಟಿಯಲ್ಲಿ ಹದಿನೆಂಟನೇ ಶತಮಾನದ ಹೆಸರಾಂತ ಇಂಗ್ಲಿಷ್ ಬಡಗಿ 'ಚಿಪ್ಪೆಂಡೇಲ್'ನ ಹೆಸರಿದೆ, ಆದರೆ ಕುರ್ಚಿಯಲ್ಲಿ ಎಲ್ಲೂ ಹೆಸರಿಲ್ಲ, ನಂಬಬಹುದಾ ಅಂತ ಕೇಳಿದ್ದೀರಿ. ನಾನು ಯಾರ್ಕ್‌ಶೈರಿನಲ್ಲೇ ಹಳೆ ಕುರ್ಚಿಗಳನ್ನು ರಿಪೇರಿ ಮಾಡುತ್ತೇನೆ. ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು.

ಹೆಸರಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಥಾಮಸ್ ಚಿಪ್ಪೆಂಡೇಲ್ ತನ್ನ ಸಾಮಾನಿಗೆ ಮುದ್ರೆ ಒತ್ತುತ್ತಿರಲಿಲ್ಲ. ಅವನು 1718ರಲ್ಲಿ ನಿಮ್ಮ ಪಕ್ಕದ ಆಟ್ಲಿಯಲ್ಲೇ ಹುಟ್ಟಿದವನು, ಬಡಗಿಯ ಮಗ. ಆಮೇಲೆ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಲೇನ್‌ನಲ್ಲಿ ಅಂಗಡಿ ಇಟ್ಟ. ಇದು ಅವನದೇ ಅಂತ ಗಟ್ಟಿಯಾಗಿ ಹೇಳಲು ಹಳೆ ರಸೀದಿ, ಪತ್ರಗಳೇ ಆಧಾರ. ಹೇರ್‌ವುಡ್ ಹೌಸ್, ನಾಸ್ಟೆಲ್ ಪ್ರಯರಿ ಅನ್ನುವ ಯಾರ್ಕ್‌ಶೈರಿನ ಹಳೆ ಬಂಗಲೆಗಳಿಗೆ ಒಮ್ಮೆ ಹೋಗಿ ಬನ್ನಿ, ಅವನ ಕೆಲಸ ಅಲ್ಲಿದೆ.

ತೊಡಕು ಬೇರೆಯೇ ಇದೆ. 1754ರಲ್ಲಿ ಅವನು ತನ್ನ ವಿನ್ಯಾಸಗಳನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಿದ. ಊರೂರಿನ ಬಡಗಿಗಳು ಅದನ್ನು ನೋಡಿ ಮಾಡಿದರು. ನೂರು ವರ್ಷ ಕಳೆದ ಮೇಲೆ ವಿಕ್ಟೋರಿಯಾ ರಾಣಿಯ ಕಾಲದಲ್ಲೂ ಅದೇ ಮಾದರಿ ಮತ್ತೆ ಬಂತು. ಹಾಗಾಗಿ ಅಂಗಡಿಯ ಚೀಟಿಯಲ್ಲಿ 'ಚಿಪ್ಪೆಂಡೇಲ್' ಅಂದರೆ ಹೆಚ್ಚಾಗಿ ಮಾದರಿಯ ಹೆಸರು. ಚೆಂಡನ್ನು ಹಿಡಿದ ಹಕ್ಕಿಯುಗುರಿನ ಹಾಗೆ ಕೆತ್ತಿದ ಕುರ್ಚಿಯ ಕಾಲು ಅವನ ಗುರುತು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಆ ಪುಸ್ತಕದ ಕುರ್ಚಿಗಳಲ್ಲಿ ಅದು ಇಲ್ಲವೇ ಇಲ್ಲ.

ಕೆತ್ತನೆ ನೋಡಿ ಮರುಳಾಗಬೇಡಿ. ಅಂಗಡಿಯವರನ್ನು ಕೇಳಿ ಸೀಟನ್ನು ಮೇಲೆತ್ತಿ. ಚೌಕಟ್ಟಿನ ಒಳಗೆ ಉಳಿಯಲ್ಲಿ ಕಡಿದ ಗೀರುಗಳು ಸಿಗಬಹುದು: ಒಂದು, ಎರಡು, ಮೂರು ಅಂತ ರೋಮನ್ ಅಂಕಿ. ಯಾವ ಕುರ್ಚಿಗೆ ಯಾವ ಸೀಟು ಅಂತ ಬಡಗಿ ಹಾಕಿಕೊಂಡ ಲೆಕ್ಕ ಅದು. ಕಳೆದ ಚಳಿಗಾಲ ನನ್ನ ಹತ್ತಿರ ಬಂದ ಆರು ಕುರ್ಚಿಗಳಲ್ಲಿ ಮೂರನೆಯದರ ಮೇಲೆ ಐದನೆಯ ಸೀಟು ಬಿಗಿಯಾಗಿ ಸಿಕ್ಕಿಕೊಂಡಿತ್ತು. ಅದಲು ಬದಲು ಮಾಡಿದೆ, ಎರಡೂ ಸಲೀಸಾಗಿ ಕೂತವು. ಆ ಬಡಗಿಯ ಕೈಯನ್ನೇ ಮುಟ್ಟಿದ ಹಾಗಾಯಿತು ನನಗೆ.

ಗರಗಸದ ಗುರುತನ್ನೂ ನೋಡಿ. ನೇರ ಗೀರುಗಳಿದ್ದರೆ ಕೈಗರಗಸ ಇರಬಹುದು. ಬಿಲ್ಲಿನ ಹಾಗೆ ಬಾಗಿದ್ದರೆ ತಿರುಗುವ ಗರಗಸ, ಅಂದರೆ ಬಹುಪಾಲು 19ನೇ ಶತಮಾನದ್ದು ಅಥವಾ ಅದಕ್ಕೂ ಈಚಿನದು. ಹಳೆ ಮಹಾಗನಿ ಕೈಗೆ ಭಾರ ಕೂಡ. ಆಗ ಜಮೈಕಾ, ಕ್ಯೂಬಾದಿಂದ ಹಡಗಿನಲ್ಲಿ ಬರುತ್ತಿದ್ದ ಗಟ್ಟಿ ಮರ ಅದು. ಅಷ್ಟು ಸಣ್ಣ ಕೆತ್ತನೆ ಮುರಿಯದೆ ನಿಂತಿದ್ದು ಅದರಿಂದಲೇ.

ಚಿಪ್ಪೆಂಡೇಲನ ಬೆಲೆ ಕೇಳಿದರೆ ಕಾಗದ ತೋರಿಸಿ ಅನ್ನಿ. ಇಲ್ಲದಿದ್ದರೆ ಒಳ್ಳೆಯ ಹಳೆ ಕುರ್ಚಿಯ ಬೆಲೆ ಕೊಡಿ. ಟಾರ್ಚ್ ಮರೀಬೇಡಿ.