ಸಂವಿಧಾನ ಬರೋಕ್ಕಿಂತ ಮುಂಚೆನೇ ವೋಟರ್ ಲಿಸ್ಟ್ ಕೆಲಸ ಶುರುವಾಗಿತ್ತಾ?
ಹೌದು. ಇತಿಹಾಸಕಾರ್ತಿ ಓರ್ನಿಟ್ ಶಾನಿ ಹಳೇ ಸರ್ಕಾರಿ ಫೈಲು, ಜನ ಬರೆದ ಪತ್ರ ಎಲ್ಲಾ ಕೆದಕಿ 2018ರಲ್ಲಿ ಇದರ ಬಗ್ಗೆನೇ ಪುಸ್ತಕ ತಂದ್ರು. 1947ರ ಕೊನೆಯಲ್ಲೇ ಸಂವಿಧಾನ ಸಭೆಯ ಸಚಿವಾಲಯ ಕೈ ಹಾಕಿತ್ತು, ಅದರ ಹಿಂದೆ ಇದ್ದಿದ್ದು ಆ ಸಭೆಯ ಸಂವಿಧಾನ ಸಲಹೆಗಾರ, ನಮ್ಮ ಮಂಗಳೂರಿನ ಬೆನೆಗಲ್ ನರಸಿಂಗ ರಾವ್ (ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ ಬಿಡಿ). ವಿಭಜನೆಲಿ ಓಡಿಬಂದ ನಿರಾಶ್ರಿತರಿಗೆ ಮನೆನೇ ಇಲ್ಲ, ಇನ್ನು ಅಡ್ರೆಸ್ ಎಲ್ಲಿಂದ ತರ್ತಾರೆ, ಅದಕ್ಕೆ ಈ ಊರಲ್ಲೇ ಕಾಯಂ ಇರ್ತೀನಿ ಅಂತ ಬರೆದುಕೊಟ್ರೆ ಸಾಕು ಹೆಸರು ಸೇರಿಸ್ಕೊಳ್ಳಿ ಅಂದ್ರು. ಹೆಂಗಸರದ್ದೇ ಬೇರೆ ಕಥೆ. ಎಷ್ಟೋ ಜನ ಸ್ವಂತ ಹೆಸರು ಹೇಳದೆ ಇಂಥವರ ಹೆಂಡ್ತಿ, ಇಂಥವರ ಮಗಳು ಅಂತಷ್ಟೇ ಬರೆಸಿದ್ರು, ಮೊದಲ ಚುನಾವಣೆ ಹೊತ್ತಿಗೆ ಅಂಥ ಸುಮಾರು 28 ಲಕ್ಷ ಹೆಂಗಸರು ಲಿಸ್ಟಿಂದಲೇ ಔಟ್. ಅಷ್ಟಾದ್ರೂ ಒಟ್ಟು ಮತದಾರರು 17 ಕೋಟಿ ದಾಟಿದ್ರು.