ಜೋ ಥಾಮಸ್: ಚೆಂಡು ಮುಟ್ಟದ ಆಟಗಾರ ಹಾಲ್ ಆಫ್ ಫೇಮ್ ಸೇರಿದ್ದು ಹೇಗೆ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಫೆನ್ಸಿವ್ ಲೈನ್‌ಮನ್ (ಚೆಂಡು ಇರುವ ತಂಡದ ಮುಂಚೂಣಿಯಲ್ಲಿ ನಿಂತು ಎದುರಾಳಿಗಳನ್ನು ತಡೆಯುವವನು) ಅಂಕ ಗಳಿಸುವುದಿಲ್ಲ, ಚೆಂಡು ಹಿಡಿಯುವುದೂ ಅಪರೂಪ. ಹಾಗಾದರೆ ಅವನ ಹಿರಿಮೆ ಅಳೆಯುವುದು ಹೇಗೆ? ಥಾಮಸ್ ವಿಷಯದಲ್ಲಿ ಉತ್ತರ ಒಂದು ಸಂಖ್ಯೆ: ಸತತ 10,363 ಸ್ನ್ಯಾಪ್‌ಗಳು. ಚೆಂಡನ್ನು ಹಿಂದಕ್ಕೆ ಕೊಟ್ಟು ಪ್ರತಿ ಸರದಿ ಶುರುಮಾಡುವುದೇ ಸ್ನ್ಯಾಪ್; ಅಷ್ಟು ಸರದಿಗಳಲ್ಲಿ ಅವರು ಒಂದನ್ನೂ ತಪ್ಪಿಸಿಕೊಳ್ಳಲಿಲ್ಲ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಬಂದ ಅವರನ್ನು 2007ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಮೂರನೆಯವರಾಗಿ ಆರಿಸಿತು. ಜಾಗ ಲೆಫ್ಟ್ ಟ್ಯಾಕಲ್, ಅಂದರೆ ಆ ಮುಂಚೂಣಿಯ ಎಡತುದಿ. ಬಲಗೈ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವವನು) ಎಸೆಯಲು ತಿರುಗಿದಾಗ ಎಡಬದಿ ಅವನಿಗೆ ಕಾಣುವುದಿಲ್ಲ. ಅಲ್ಲಿಂದ ನುಗ್ಗುವವನನ್ನು ತಡೆಯುವುದೇ ಕೆಲಸ.

ಇಲ್ಲಿ ಬರೀ ತೂಕ ಸಾಲದು, ಪಾದವೇ ಮುಖ್ಯ. ಹಿಂದಕ್ಕೆ ಓರೆಯಾಗಿ ಜಾರುತ್ತಾ ಎದುರಾಳಿಯ ಮುಂದೆಯೇ ಉಳಿಯಬೇಕು. ಸೊಂಟವನ್ನು ಬೇಗ ಹೊರಕ್ಕೆ ತಿರುಗಿಸಿದರೆ ಒಳದಾರಿ ತೆರೆಯುತ್ತದೆ. ಕೈಯನ್ನು ತಡವಾಗಿ ಚಾಚಿದರೆ ಎದುರಾಳಿ ಮೊದಲು ಎದೆಗೆ ಗುದ್ದುತ್ತಾನೆ, ಸಮತೋಲನ ಹೋಗುತ್ತದೆ. ಗಾಬರಿಯಲ್ಲಿ ಹಿಡಿದೆಳೆದರೆ ಹೋಲ್ಡಿಂಗ್, 10 ಯಾರ್ಡ್ ದಂಡ. ಥಾಮಸ್ ಇದನ್ನು ಹತ್ತು ವರ್ಷ ಒಂದೇ ಮಟ್ಟದಲ್ಲಿ ಮಾಡಿದರು, ಅದೂ ಆರು ಮುಖ್ಯ ಕೋಚ್‌ಗಳ ಕೈಕೆಳಗೆ, ಕ್ವಾರ್ಟರ್‌ಬ್ಯಾಕ್‌ಗಳು ಬದಲಾಗುತ್ತಲೇ ಇದ್ದ ತಂಡದಲ್ಲಿ. ನನ್ನ ಮಟ್ಟಿಗೆ ಅವರ 10 ಪ್ರೊ ಬೌಲ್ (ಲೀಗ್‌ನ ತಾರಾ ಆಟಗಾರರ ಪಂದ್ಯ) ಆಯ್ಕೆಗಳಿಗಿಂತ ಇದೇ ದೊಡ್ಡದು.

2017ರ ಅಕ್ಟೋಬರ್‌ನಲ್ಲಿ ಟೆನ್ನೆಸ್ಸೀ ಟೈಟನ್ಸ್ ವಿರುದ್ಧ ಎಡ ಟ್ರೈಸೆಪ್ಸ್ ಹರಿಯಿತು. ಮೊಣಕೈ ನೇರ ಮಾಡಿ ತಳ್ಳುವ ಸ್ನಾಯುವೇ ಅದು. ಅದಿಲ್ಲದೆ ಬ್ಲಾಕ್ ಮಾಡಲಾಗದು. 2018ರ ಮಾರ್ಚ್‌ನಲ್ಲಿ ನಿವೃತ್ತರಾದರು. ಒಂದೂ ಪ್ಲೇಆಫ್ ಪಂದ್ಯ ಆಡದಿದ್ದರೂ 2023ರಲ್ಲಿ, ಅರ್ಹರಾದ ಮೊದಲ ವರ್ಷವೇ, ಹಾಲ್ ಆಫ್ ಫೇಮ್ ಸೇರಿದರು.