ಪ್ರತಿಕ್ರಿಯೆ: ಸಿಸ್‌ಕಾಲ್ ಆದಮೇಲೆ ಆರ್‌ಸಿಎಕ್ಸ್ ಯಾಕೆ ಬದಲಾಗುತ್ತದೆ?

ಲಿನಕ್ಸ್‌ನ 64 ಬಿಟ್ ಅಸೆಂಬ್ಲಿಯಲ್ಲಿ ಆರ್‌ಸಿಎಕ್ಸ್ ಎಂಬ ರಿಜಿಸ್ಟರ್‌ಗೆ (ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹ ಜಾಗ) 5 ಹಾಕಿ ಲೂಪ್ ಆದೇಶ (ಆರ್‌ಸಿಎಕ್ಸ್‌ನಿಂದ ಒಂದು ಕಳೆದು, ಸೊನ್ನೆಯಾಗುವವರೆಗೆ ಮತ್ತೆ ಸುತ್ತುವುದು) ಬಳಸಿದರೂ ಮುದ್ರಣ ನಿಲ್ಲುತ್ತಿಲ್ಲ ಎಂದಿದ್ದೀರಿ. ಕರ್ನಲ್‌ನಿಂದ (ಆಪರೇಟಿಂಗ್ ಸಿಸ್ಟಂನ ತಿರುಳು) ಕೆಲಸ ಮಾಡಿಸಿಕೊಳ್ಳುವ ಸಿಸ್‌ಕಾಲ್ ಆದೇಶವೇ ಮರಳಿ ಬರಬೇಕಾದ ವಿಳಾಸವನ್ನು ಆರ್‌ಸಿಎಕ್ಸ್‌ನಲ್ಲೂ ಫ್ಲ್ಯಾಗ್‌ಗಳನ್ನು (ಪ್ರೊಸೆಸರ್‌ನ ಸ್ಥಿತಿ ಗುರುತುಗಳು) ಆರ್‌11 ರಿಜಿಸ್ಟರ್‌ನಲ್ಲೂ ಬರೆದಿಡುತ್ತದೆ. ನಿಮ್ಮ 5 ಅಳಿಸಿಹೋಗಿ ಅಲ್ಲಿ ದೊಡ್ಡದೊಂದು ವಿಳಾಸ ಕೂತಿರುತ್ತದೆ. ಅದರಿಂದ ಒಂದು ಕಳೆದರೆ ಸೊನ್ನೆಯಾಗುವುದಿಲ್ಲ, ಮುಂದಿನ ಸುತ್ತಿನಲ್ಲಿ ಮತ್ತೆ ಅದೇ ವಿಳಾಸ.

ಎಣಿಕೆಯನ್ನು ಆರ್‌12 ರಿಜಿಸ್ಟರ್‌ನಲ್ಲಿ ಇಡಿ. ಲೂಪ್ ಆದೇಶದ ಬದಲು ಡೆಕ್ ಆರ್‌12 (ಒಂದು ಕಳೆಯುವುದು), ಆಮೇಲೆ ಜೆಎನ್‌ಝಡ್ (ಸೊನ್ನೆಯಾಗದಿದ್ದರೆ ಹಿಂದಕ್ಕೆ ಜಿಗಿಯುವುದು) ಬಳಸಿ. ಕರ್ನಲ್ ಆರ್‌12ನ್ನು ಕೆಡಿಸುವುದಿಲ್ಲ. ನಿಮ್ಮದು ಸಿ ಕೋಡ್‌ನಿಂದ ಕರೆಯಲಾಗುವ ಫಂಕ್ಷನ್ ಆಗಿದ್ದರೆ ಮಾತ್ರ ಆರ್‌12ನ್ನು ಮೊದಲು ಪುಶ್ (ಸ್ಟ್ಯಾಕ್‌ನಲ್ಲಿ ಉಳಿಸುವುದು), ಕೊನೆಗೆ ಪಾಪ್ (ಮರಳಿ ಪಡೆಯುವುದು) ಮಾಡಲೇಬೇಕು.

ಯಾವ ಸಿಸ್‌ಕಾಲ್ ಬೇಕೆಂದು ಹೇಳುವ ಆರ್‌ಎಎಕ್ಸ್‌ಗೆ 1 (ಅಂದರೆ ರೈಟ್, ಬರೆಯುವುದು) ಹಾಕುವ ಸಾಲೂ ಲೂಪಿನ ಒಳಗೇ ಇರಲಿ. ಬರೆದ ಬೈಟ್‌ಗಳ ಸಂಖ್ಯೆ ಆರ್‌ಎಎಕ್ಸ್‌ಗೇ ಬರುತ್ತದೆ: 3 ಬೈಟ್ ಬರೆದಿದ್ದರೆ ಮುಂದಿನ ಸಿಸ್‌ಕಾಲ್ 3, ಅಂದರೆ ಕ್ಲೋಸ್ (ಫೈಲ್ ಮುಚ್ಚುವುದು). ಆರ್‌ಡಿಐ ರಿಜಿಸ್ಟರ್‌ನಲ್ಲಿ 1 (ಔಟ್‌ಪುಟ್‌ನ ಸಂಖ್ಯೆ) ಇರುವುದರಿಂದ ನಿಮ್ಮ ಔಟ್‌ಪುಟ್ಟೇ ಮುಚ್ಚಿಹೋಗುತ್ತದೆ.